ನೆರಳುಗಾಡಿಗೆ ಗೊತ್ತಿಲ್ಲದ ಎಂಬತ್ತು ಮೀಟರು

ಗದಗಿನ ಹೊರವಲಯದಲ್ಲಿದ್ದ ವೇಗಮಾರ್ಗ ನಿಗಮದ ನಿಯಂತ್ರಣ ಕೋಣೆಯಲ್ಲಿ ಪ್ರತಿ ರೈಲೂ ಎರಡು ಸಲ ಓಡುತ್ತಿತ್ತು. ಮೊದಲು ಗಣಕದೊಳಗೆ, ಆಮೇಲೆ ಹಳಿಯ ಮೇಲೆ. ಗಣಕದೊಳಗಿನ ರೈಲು ನಿಜವಾದದ್ದಕ್ಕಿಂತ ಸರಿಯಾಗಿ ಮೂರು ನಿಮಿಷ ಮುಂದಿರುತ್ತಿತ್ತು. ಅದು ದಾಟಿದ ಕಡೆ ನೆಲ ಎಷ್ಟು ತಗ್ಗಿತು, ಏರಿಯ ಮಣ್ಣು ಎಷ್ಟು ನಡುಗಿತು, ಯಾವ ಸ್ಲೀಪರಿನ ಕೆಳಗೆ ಜಲ್ಲಿ ಸಡಿಲಾಯಿತು ಎಂದೆಲ್ಲ ಲೆಕ್ಕ ಹಾಕಿ, ಹಿಂದೆ ಬರುತ್ತಿರುವ ನಿಜವಾದ ರೈಲಿಗೆ ಇಲ್ಲಿ ಇಷ್ಟು ವೇಗ, ಅಲ್ಲಿ ಅಷ್ಟು ವೇಗ ಎಂದು ಹೇಳುತ್ತಿತ್ತು. ಹೇಳುತ್ತಿತ್ತು ಅಂದರೆ ಸಲಹೆಯಲ್ಲ, ಅಪ್ಪಣೆ. ಚಾಲಕನ ಪಾಲಿಗೆ ಉಳಿದದ್ದು ತುರ್ತು ಬ್ರೇಕ್ ಒಂದೇ.

ಅದಕ್ಕೆ ನೆರಳುಗಾಡಿ ಎಂದು ಹೆಸರಿಟ್ಟವರು ಚಾಲಕರು. ಅದನ್ನು ರೂಪಿಸಿದ ಕಸ್ತೂರಿ ಇಟ್ಟಿದ್ದ ಹೆಸರು ಮಾರುದ್ದದ ಸಂಸ್ಕೃತದ್ದು, ಕಡತದಲ್ಲಿ ಉಳಿಯಿತೇ ಹೊರತು ಯಾರ ನಾಲಿಗೆಗೂ ಹತ್ತಲಿಲ್ಲ. ಮೂವತ್ತೈದು ವಯಸ್ಸಿನ ಕಸ್ತೂರಿ ಆರು ವರ್ಷ ಬೇರೆ ಯಾವುದರ ಕಡೆಗೂ ಕಣ್ಣು ಹಾಯಿಸದೆ ಇದೊಂದರ ಹಿಂದೆ ಬಿದ್ದಿದ್ದಳು. ಮಾರ್ಗದ ಉದ್ದಕ್ಕೂ ಹಳಿಯ ಪಕ್ಕದ ನೆಲದಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಕೇಬಲ್ ಹೂತಿದ್ದರು. ನೆಲದ ಒಂದೊಂದು ನಡುಕವನ್ನೂ ಕೇಳಿಸಿಕೊಂಡು ಬಂದು ಹೇಳುವ ಕಿವಿ ಅದು. ಅದು ತಂದ ಸುದ್ದಿಯ ಮೇಲೆ ಅವಳು ಇನ್ನೂರ ಹತ್ತು ಕಿಲೋಮೀಟರು ಮಣ್ಣನ್ನು ಗಣಕದೊಳಗೆ ಮತ್ತೆ ಕಟ್ಟಿದ್ದಳು.

ಇಷ್ಟೆಲ್ಲ ಯಾಕೆ ಬೇಕು ಎಂದರೆ, ಎರೆಮಣ್ಣಿನ ದೆಸೆಯಿಂದ. ರೈಲಿನ ಭಾರಕ್ಕೆ ನೆಲ ಕೊಂಚ ತಗ್ಗುತ್ತದೆ, ಆ ತಗ್ಗು ಅಲೆಯಾಗಿ ಹರಡುತ್ತದೆ. ಗಟ್ಟಿ ನೆಲದಲ್ಲಿ ಅಲೆ ಎಷ್ಟು ಜೋರಾಗಿ ಓಡುತ್ತದೆಂದರೆ ಯಾವ ರೈಲಿನ ಕೈಗೂ ಅದು ಸಿಗುವುದಿಲ್ಲ. ನೀರು ಕುಡಿದ ಎರೆಮಣ್ಣಿನಲ್ಲಿ ಮಾತ್ರ ಅದು ಬಸುರಿ ಎಮ್ಮೆಯ ಹಾಗೆ ನಡೆಯುತ್ತದೆ. ರೈಲು ನಿಧಾನಕ್ಕಿದ್ದರೆ ಅಲೆ ಮುಂದೆ ಹೋಗುತ್ತದೆ, ರೈಲು ಬಹಳ ಜೋರಾಗಿದ್ದರೆ ಅಲೆ ಹಿಂದೆ ಉಳಿಯುತ್ತದೆ. ಎರಡೂ ಸಮಸಮ ಓಡಿದಾಗಲೇ ಅನಾಹುತ. ಎಬ್ಬಿಸಿದ ಅಲೆ ಗಾಲಿಯ ಕೆಳಗೇ ಉಳಿದು, ಹಿಂದಿನ ಗಾಲಿಯದೂ ಅದಕ್ಕೆ ಸೇರಿ, ಹಳಿ ಏರಿಳಿದು ಕೊನೆಗೆ ಗಾಲಿಯ ಕೈ ಬಿಡುತ್ತದೆ. ನೆರಳುಗಾಡಿ ಇದ್ದದ್ದೇ ಆ ಒಂದು ವೇಗವನ್ನು ಎಲ್ಲೆಲ್ಲಿ ತಪ್ಪಿಸಬೇಕೆಂದು ಹೇಳುವುದಕ್ಕೆ.

ಆ ಗುರುವಾರ ಬೆಳಗ್ಗೆ, ಮೊದಲ ಬಾರಿಗೆ, ಜನರನ್ನು ಕೂಡಿಸಿಕೊಂಡು ಒಂದು ರೈಲು ಗಂಟೆಗೆ ಇನ್ನೂರು ಕಿಲೋಮೀಟರು ವೇಗದಲ್ಲಿ ಈ ಮಾರ್ಗದಲ್ಲಿ ಹೋಗುವುದಿತ್ತು. ಒಳಗೆ ಆರುನೂರ ಹನ್ನೆರಡು ಜನ.

ಹಿಂದಿನ ಭಾನುವಾರ ಕಸ್ತೂರಿ ತಾಯಿಯ ಮನೆಗೆ ಹೋಗಿದ್ದಳು. ತಾಯಿ ಹುಲಿಗೆವ್ವ ಇದ್ದದ್ದು ಇದೇ ಮಾರ್ಗದ ಹಿರೇಹಳ್ಳ ನಿಲ್ದಾಣದ ಹಿಂದಿನ ಒಂದು ಬಾಡಿಗೆ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಹಳಿ ಕಾಯುವ ಗ್ಯಾಂಗಿಗೆ ಸೇರಿ, ಮೂವತ್ತೊಂದು ವರ್ಷ ಜಲ್ಲಿ ಬಡಿದು, ಕೊನೆಯ ಹತ್ತು ವರ್ಷ ಹದಿನಾಲ್ಕು ಜನರ ಗ್ಯಾಂಗಿಗೆ ಮೇಸ್ತ್ರಿಯಾಗಿ, ಮೇ ತಿಂಗಳಲ್ಲಿ ನಿವೃತ್ತಳಾಗಿದ್ದಳು. ಅವಳು ಹೋದ ಮೇಲೆ ಗ್ಯಾಂಗನ್ನೂ ನಾಲ್ಕು ಜನಕ್ಕೆ ಇಳಿಸಿದರು. ನೆಲ ಗಟ್ಟಿಯಿದೆ, ಇಷ್ಟು ಕೈ ಬೇಡ ಎಂದು ನೆರಳುಗಾಡಿಯೇ ಹೇಳಿತ್ತು.

ಹುಲಿಗೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗಳ ತಟ್ಟೆಗೆ ಮೂರನೆಯದನ್ನು ಹಾಕಿ ಕೇಳಿದಳು.

"ಈ ಸಲ ಯಾವತ್ತ ಬರ್ತೈತಿ ನಿನ್ನ ಗಾಡಿ?"

"ಗುರುವಾರ, ಹನ್ನೊಂದೂವರಿ ಸುಮಾರ. ಪರೀಕ್ಷಾ ಗಾಡಿ ಅಲ್ಲಬೇ ಈ ಸಲ. ಮಂದಿ ಕುಂತ ಹೋಗೂ ಗಾಡಿ."

"ಗುರುವಾರ ಅಂದ್ರ ನಡಕ ಮೂರ ದಿನ." ಹುಲಿಗೆವ್ವ ಹಿಟ್ಟು ಹತ್ತಿದ ಬೆರಳು ಮಡಚಿದಳು. "ಮಳಿ ಬ್ಯಾರೆ ಬಿಟ್ಟಿಲ್ಲ. ಗ್ಯಾಂಗಿನ್ಯಾಗ ಮಂದೀನ ಇಲ್ಲ. ಹಳಿ ಬುಡಕ ಮುಚ್ಚಿದ ಆ ಹಳೇ ಹಳ್ಳದ ಕಡೆ ಒಮ್ಮಿ..."

"ಅದನ್ನೆಲ್ಲಾ ನೆರಳುಗಾಡಿ ನೋಡ್ಕೋತೈತಿ ಬಿಡು. ನೀ ಇನ್ನೂ ಗ್ಯಾಂಗಿನ ಚಿಂತಿ ಮಾಡ್ಕೋತ ಕುಂದರ್ತಿಯಲ್ಲ! ಪಲ್ಯಾ ಹಾಕು."

ಹುಲಿಗೆವ್ವ ಪಲ್ಯ ಹಾಕಿದಳು. ಓದಿದ ಮಗಳ ಮುಂದೆ ಮಾತು ನುಂಗುವುದು ಅವಳಿಗೆ ರೂಢಿಯಾಗಿತ್ತು. ತಾಯಿ ಹೀಗೆ ಮಾತು ನುಂಗುತ್ತಾಳೆ ಎಂಬುದೂ ಮಗಳಿಗೆ ಗೊತ್ತಿರಲಿಲ್ಲ ಎನ್ನುವುದನ್ನು ಹೇಳಬೇಕಾಗುತ್ತದೆ.

ಗುರುವಾರ ಹನ್ನೊಂದು ಗಂಟೆಗೆ ನಿಯಂತ್ರಣ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಗಮದ ದೊಡ್ಡವರೆಲ್ಲ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಂದೆ ಗೋಡೆಯ ತುಂಬ ಪರದೆ, ಅದರಲ್ಲಿ ಇನ್ನೂರ ಹತ್ತು ಕಿಲೋಮೀಟರು ಉದ್ದದ ಒಂದು ಹಸಿರು ಗೆರೆ. ಮುಖ್ಯ ನಿಯಂತ್ರಕ ನರಗುಂದಕರ ಸಾಹೇಬರು ಹೊಸ ಕೋಟು ತೊಟ್ಟಿದ್ದರು. ವೈರ್‌ಲೆಸ್ ಮುಂದೆ ಜುಬೇದಾ ಕೂತಿದ್ದಳು. ಕಸ್ತೂರಿ ಮೊಬೈಲನ್ನು ಸದ್ದಿಲ್ಲದಂತೆ ಮಾಡಿ ಮೇಜಿನ ಮೇಲೆ ಬೋರಲು ಹಾಕಿದ್ದಳು.

ಅದು ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಐದು ನಿಮಿಷ ಬಿಟ್ಟು ಮತ್ತೆ ಗುರುಗುಟ್ಟಿತು. ಕಸ್ತೂರಿ ತಿರುಗಿಸಿ ನೋಡಿದಳು, ಅವ್ವ. ಗಾಡಿ ಎಲ್ಲಿಗೆ ಬಂತು ಎಂದು ಕೇಳುವುದಕ್ಕಿರಬೇಕು. ಪ್ರತಿ ಸಲ ಪರೀಕ್ಷಾ ರೈಲು ಓಡಿದಾಗಲೂ ಹುಲಿಗೆವ್ವ ಹಳಿಯ ಪಕ್ಕ ಬಂದು ನಿಂತು ನೋಡುತ್ತಿದ್ದಳು, ಅದೊಂದು ಹಬ್ಬ ಅವಳಿಗೆ. ಆಮೇಲೆ ಮಾತಾಡಿದರಾಯಿತೆಂದು ಕಸ್ತೂರಿ ಮತ್ತೆ ಬೋರಲು ಹಾಕಿದಳು.

ನೆರಳುಗಾಡಿ ಹಳೇ ಹಳ್ಳವಿದ್ದ ಹಿರೇಹಳ್ಳದ ಬಯಲು ದಾಟಿತು. ಹಸಿರು. ನಿಜವಾದ ರೈಲು ಅದಕ್ಕಿಂತ ಹತ್ತು ಕಿಲೋಮೀಟರು ಹಿಂದಿತ್ತು, ವೇಗ ಇನ್ನೂರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಗ ಮೊಬೈಲು ಮೂರನೆಯ ಸಲ ಗುರುಗುಟ್ಟಿತು. ಮೂರು ಸಲ ಕರೆದಳೆಂದರೆ ಅವ್ವನಿಗೆ ಮೈಯಲ್ಲಿ ಹುಷಾರಿಲ್ಲವೋ ಏನೋ ಎಂದು ಕಸ್ತೂರಿ ಎತ್ತಿಕೊಂಡಳು.

"ಕಸ್ತೂರಿ, ನಾ ಹಳೇ ಹಳ್ಳದ ಕಡೆ ನಿಂತೀನಿ. ಸಿಟ್ಟಾಗಬ್ಯಾಡ. ಈ ಸಲ ನಿನ್ನ ಗಾಡಿಗೆ ದಾರಿ ಹಸನ ಮಾಡಾಕ ಆಗಲಿಲ್ಲ."

"ಏನ ಹಸನ? ಯಾವ ದಾರಿ?"

"ಪ್ರತಿ ಸಲ ಮಾಡ್ತಿದ್ವಲ್ಲ. ಸಾಹೇಬರ ಗಾಡಿ ಬರ್ತೈತಂದ್ರ ಮೊದಲ ಹೋಗಿ ದಾರಿ ಹಸನ ಮಾಡೂದು ನಮ್ಮ ಗ್ಯಾಂಗಿನ ರೂಢಿ. ಇನ್ನ ನಿನ್ನ ಗಾಡಿಗೆ ಬಿಡ್ತೀವಿ? ನೀ ತಾರೀಖ ಹೇಳಿದ ಕೂಡ್ಲೆ ಹದಿನಾಕೂ ಮಂದಿ ಬಂದು, ಗಟಾರ ತೋಡಿ ನೀರ ಹೊರಗ ಬಿಟ್ಟು, ಕೆಸರ ಕುಡದ ಜಲ್ಲಿ ಖಡಿ ತಗದು, ಹೊಸಾ ಖಡಿ ಹಾಕಿ ಬಡೀತಿದ್ವಿ. ನನ್ನ ಮಗಳ ಗಾಡಿ ಅಳ್ಳಾಡಬಾರ್ದಂತ."

"ಎಷ್ಟ ಸಲ ಮಾಡೀರಿ ಹಿಂಗ?"

"ಎಲ್ಲಾ ಸಲಾನೂ."

ಎಲ್ಲಾ ಸಲ ಅಂದರೆ ಹನ್ನೊಂದು ಸಲ. ಮಣ್ಣಿನ ಗಟ್ಟಿತನ ಎಷ್ಟೆಂದು ನೆರಳುಗಾಡಿ ಕಲಿತದ್ದು ಹನ್ನೊಂದೇ ಹನ್ನೊಂದು ಪರೀಕ್ಷಾ ಓಟಗಳಿಂದ. ಅಂದರೆ ಆ ಜಾಗದ ನಿಜವಾದ ಮಣ್ಣನ್ನು ಅದು ಒಂದು ದಿನವೂ ಕಂಡಿರಲಿಲ್ಲ. ಅದು ಕಂಡದ್ದು ಅವ್ವ ಸಿಂಗರಿಸಿ ಕೂಡಿಸಿದ ಮಣ್ಣನ್ನು.

"ಈ ಸಲ? ಈ ಸಲ ಹೆಂಗೈತಿ?"

"ನಿನ್ನೆ ನಾನೂ ನಮ್ಮ ಗ್ಯಾಂಗಿನ ದುರಗವ್ವನೂ ಇಬ್ಬರ ಬಂದಿದ್ವಿ. ಇಬ್ಬರ ಕೈಲೆ ಎಲ್ಲಿ ಆಗತೈತಿ? ಕಾಲಿಟ್ರ ಸ್ಲೀಪರ್ ಸಂದ್ಯಾಗಿಂದ ನೀರ ಚಿಮ್ಮತೈತಿ. ಮುಂಜಾನಿ ಗೂಡ್ಸ್ ಹೋದಾಗ ಹಳಿ ನಾಕ ಬೆರಳ ಇಳದು ಮ್ಯಾಲ ಬಂತು. ಸ್ಟೇಷನ್ ಮಾಸ್ತರಗ ಹೇಳಿದ್ನಿ, ಕಂಪ್ಯೂಟರ್‌ನ್ಯಾಗ ಹಸಿರ ಐತಿ, ನೀ ಮನಿಗೆ ಹೋಗಬೇ ಅಂದ. ನನ್ನ ಹಳೇ ಕೆಂಪ ಬಾವುಟ ತಂದೀನಿ. ತೋರಸ್ಲೇನು?"

"ತೋರಸು! ಈಗ ತೋರಸು! ಫೋನ್ ಇಡಬ್ಯಾಡ."

ಪರದೆಯ ಮೇಲೆ ರೈಲು ಹಳೇ ಹಳ್ಳಕ್ಕೆ ಆರು ಕಿಲೋಮೀಟರು ದೂರವಿತ್ತು. ಕಸ್ತೂರಿ ಎದ್ದು ನಿಂತಳು.

"ಸರ್, ಗಾಡಿ ನಿಲ್ಲಸ್ರಿ."

ನರಗುಂದಕರ ಸಾಹೇಬರು ಪರದೆ ನೋಡಿದರು, ಅವಳನ್ನು ನೋಡಿದರು. "ಕಸ್ತೂರಿ ಬಾಯಿ, ಎಲ್ಲಾ ಹಸಿರು ಅದಲ್ಲ?"

"ಹಸಿರು ಸುಳ್ಳರಿ. ನಂದ ತಪ್ಪು. ಆಮ್ಯಾಲ ಹೇಳ್ತೀನಿ, ಮೊದಲ ನಿಲ್ಲಸ್ರಿ."

ಅವರ ದೊಡ್ಡ ಗುಣ ಎನ್ನಬೇಕು, ಹಿಂದೆ ಕೂತ ದೊಡ್ಡವರ ಕಡೆ ತಿರುಗಿಯೂ ನೋಡಲಿಲ್ಲ. "ಜುಬೇದಾ, ಡ್ರೈವರಗ ತುರ್ತು ಬ್ರೇಕ್ ಹಾಕು ಅಂತ ಹೇಳು" ಎಂದರು. ಜುಬೇದಾ ಎರಡು ಸಲ ಕರೆದು ತಲೆಯಾಡಿಸಿದಳು. "ಕರಿಗುಡ್ಡದ ಕೊರಕಲಿನ್ಯಾಗ ಹೊಕ್ಕೈತ್ರಿ ಸರ್. ಹೊರಗ ಬರೂತನಕ ವೈರ್‌ಲೆಸ್ ಹತ್ತಂಗಿಲ್ಲ." ಗುಡ್ಡ ಕಡಿದು ಮಾಡಿದ ಆ ಕೊರಕಲು ನಾಲ್ಕೂವರೆ ಕಿಲೋಮೀಟರು ಉದ್ದ. ಅದರ ಆಚೆಯ ಬಾಯಿಯಿಂದ ಹಳೇ ಹಳ್ಳಕ್ಕೆ ಉಳಿಯುವುದು ಒಂದೂವರೆ ಕಿಲೋಮೀಟರಿಗಿಂತ ಕಡಿಮೆ.

ಇನ್ನು ಉಳಿದದ್ದು ಒಂದೇ ದಾರಿ. ನೆರಳುಗಾಡಿಯ ಅಪ್ಪಣೆಯನ್ನೇ ಬದಿಗೊತ್ತಿ ಹಳಿಯ ಮೂಲಕವೇ ಬ್ರೇಕ್ ಹಾಕಿಸುವುದು. ಅದಕ್ಕೆ ಮುಖ್ಯ ನಿಯಂತ್ರಕರದೊಂದು, ಕಸ್ತೂರಿಯದೊಂದು, ಎರಡು ಗುಪ್ತ ಸಂಖ್ಯೆ ಬೇಕು. ಇಬ್ಬರೂ ಒತ್ತಿದರು. ಗಣಕ ಕಾರಣ ಕೇಳಿತು. ಹಳಿ ಬಿರುಕು, ಪ್ರಾಣಿ ಅಡ್ಡ, ಕೇಬಲ್ ದೋಷ, ಬೆಂಕಿ, ಹೀಗೆ ಒಂಬತ್ತು ಕಾರಣಗಳ ಪಟ್ಟಿ. ಮಾದರಿಯೇ ತಪ್ಪು ಎನ್ನುವುದು ಅದರಲ್ಲಿರಲಿಲ್ಲ. ಇರುವುದಾದರೂ ಹೇಗೆ, ಪಟ್ಟಿ ಮಾಡಿದವಳು ಕಸ್ತೂರಿಯೇ. ಅವಳು ಇತರೆ ಎಂಬುದನ್ನು ಒತ್ತಿದಳು. ಕನಿಷ್ಠ ಮೂವತ್ತು ಅಕ್ಷರಗಳಲ್ಲಿ ವಿವರಿಸಿ ಎಂದಿತು ಗಣಕ. ನರಗುಂದಕರ ಸಾಹೇಬರು ಬಾಯಿಗೆ ಬಂದದ್ದನ್ನು ಬೈಯುತ್ತ ಕೈಗೆ ಬಂದದ್ದನ್ನು ಬಡಿಯತೊಡಗಿದರು. ರೈಲು ನಾಲ್ಕು ಕಿಲೋಮೀಟರು ದೂರವಿತ್ತು.

ಅಷ್ಟರಲ್ಲಿ ಕಸ್ತೂರಿ ಪಕ್ಕದ ಪರದೆಯಲ್ಲಿ ಕೇಬಲ್ಲಿನ ಮೂಲ ದಾಖಲೆ ತೆರೆದಳು. ನೆರಳುಗಾಡಿ ತಿದ್ದುವುದಕ್ಕೆ ಮೊದಲಿನದು. ಹಳೇ ಹಳ್ಳದ ಎಂಬತ್ತು ಮೀಟರು ಉದ್ದಕ್ಕೆ ಜೂನ್ ತಿಂಗಳಿಂದ ಈಚೆ ದಿನಕ್ಕೆ ನಲವತ್ತು ಸಲ ಒಂದೇ ಷರಾ ಇತ್ತು: ಕೇಬಲ್ ದೋಷ, ಅಂದಾಜು ತುಂಬಲಾಗಿದೆ. ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ನೆಲ ಮೆತ್ತಗಾಗಿದೆ, ಮೆತ್ತಗಾಗಿದೆ ಎಂದು ಮಳೆಗಾಲವಿಡೀ ಬಡಿದುಕೊಂಡಿತ್ತು. ಹನ್ನೊಂದು ಪರೀಕ್ಷೆಗೆ ಒಂದು ತುಂಡು ಕೇಬಲ್ ಎದುರಾಡಿದರೆ ಕೇಬಲ್ಲನ್ನು ನಂಬಬೇಡ ಎಂದು ನಿಯಮ ಬರೆದವಳೂ ತಾನೇ ಎಂಬುದು ಅವಳಿಗೆ ನೆನಪಾಯಿತು.

ಬೆಳಗಿನ ಗೂಡ್ಸ್ ರೈಲು ಎಬ್ಬಿಸಿದ ಅಲೆ ಸಿಕ್ಕಿತು. ಎಂಬತ್ತನಾಲ್ಕು ಮೀಟರು ಅಂತರದ ಎರಡು ಗುರುತುಗಳ ನಡುವೆ ಅದು ತೆಗೆದುಕೊಂಡದ್ದು ಎರಡು ಸೆಕೆಂಡು. ಇದಕ್ಕೆ ಗಣಕ ಬೇಕಿರಲಿಲ್ಲ. ಸೆಕೆಂಡಿಗೆ ನಲವತ್ತೆರಡು ಮೀಟರು, ಗಂಟೆಗೆ ನೂರೈವತ್ತು ಕಿಲೋಮೀಟರು. ಆ ಜಾಗದಲ್ಲಿ ತಪ್ಪಿಸಬೇಕಾದ ವೇಗ ನೂರೈವತ್ತು.

"ಆತು!" ಎಂದರು ನರಗುಂದಕರ ಸಾಹೇಬರು. ಗಣಕ ಕೊನೆಗೂ ಒಪ್ಪಿತ್ತು. ಮೇಜಿನ ಮೇಲಿನ ಕೆಂಪು ಗುಂಡಿ ಹೊತ್ತಿಕೊಂಡಿತು. ರೈಲು ಕೊರಕಲಿನ ಬಾಯಿಂದ ಹೊರಗೆ ಬಂದಿತ್ತು. ಹಳ್ಳಕ್ಕೆ ಇನ್ನು ಒಂದು ಕಿಲೋಮೀಟರು ಮುನ್ನೂರು ಮೀಟರು. ಅವರ ಕೈ ಗುಂಡಿಯತ್ತ ಹೋಯಿತು.

ಕಸ್ತೂರಿ ಆ ಕೈಯನ್ನು ಮಣಿಕಟ್ಟಿನ ಹತ್ತಿರ ಗಟ್ಟಿಯಾಗಿ ಹಿಡಿದಳು.

"ಒತ್ತಬ್ಯಾಡ್ರಿ! ಹೊತ್ತ ಮೀರೇತಿ. ಈಗ ಬ್ರೇಕ್ ಬಿದ್ರ ಅಲ್ಲಿ ಮುಟ್ಟೂದ್ರಾಗ ನೂರೈವತ್ತಕ್ಕ ಇಳೀತೈತಿ. ಸರಿಯಾಗಿ ನೂರೈವತ್ತಕ್ಕ. ಅಲ್ಲೇ ಹಳಿ ಕೈ ಬಿಡತೈತ್ರಿ. ಹಂಗ ಬಿಟ್ಟಬಿಡ್ರಿ, ಇನ್ನೂರಕ್ಕ ದಾಟಿ ಹೋಗ್ಲಿ."

"ಇನ್ನೂರಕ್ಕ ದಾಟ್ತದ ಅಂತ ಖಾತ್ರಿ ಅದನು ನಿಮಗ?"

"ಇಲ್ಲರಿ. ನೂರೈವತ್ತಕ್ಕ ದಾಟಂಗಿಲ್ಲ ಅನ್ನೂದು ಖಾತ್ರಿ ಐತಿ."

ಅವರ ಕೈ ಗುಂಡಿಯ ಮೇಲೆಯೇ ನಿಂತಿತು. ಒತ್ತಲಿಲ್ಲ, ತೆಗೆಯಲೂ ಇಲ್ಲ. ಆಗ ಜುಬೇದಾಳ ವೈರ್‌ಲೆಸ್ಸಿನಲ್ಲಿ ಚಾಲಕ ತಿಪ್ಪೇಸ್ವಾಮಿಯ ದನಿ ಬಂತು.

"ಕಂಟ್ರೋಲ್, ಮುಂದೆ ಹಳಿ ಪಕ್ಕ ಯಾರೋ ಹೆಂಗಸು ಕೆಂಪು ಬಾವುಟ ತೋರಿಸ್ತಾ ಅವ್ರೆ. ಬ್ರೇಕ್ ಹಾಕ್ತೀನಿ."

ಕಸ್ತೂರಿ ಮೈಕ್ ಕಿತ್ತುಕೊಂಡಳು. "ಹಾಕಬ್ಯಾಡ್ರಿ! ವೇಗ ಇಳಸಬ್ಯಾಡ್ರಿ! ಇನ್ನೂರಕ್ಕ ಹೋಗ್ಲಿ ಬಿಡ್ರಿ!"

"ಮೇಡಮ್, ಅದು ಕೆಂಪು ಬಾವುಟ!"

ತಿಪ್ಪೇಸ್ವಾಮಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕೆಂಪು ಬಾವುಟ ಕಂಡರೆ ಯಾರನ್ನೂ ಕೇಳದೆ ನಿಲ್ಲಿಸಬೇಕು ಎಂಬುದು ಚಾಲಕನಾದವನು ಮೊದಲ ದಿನ ಕಲಿಯುವ ಪಾಠ. ಗಣಕದ ಮಾತು, ಕಂಟ್ರೋಲಿನ ಮಾತು ಎಲ್ಲ ಅದರ ಕೆಳಗೆ. ಮೈಕಿನಲ್ಲಿ ಎಷ್ಟು ಕೂಗಿದರೂ ಅವನ ಕೈ ಬ್ರೇಕಿನ ಮೇಲೆಯೇ ಇರುತ್ತದೆ. ಕಸ್ತೂರಿ ಎಡಗೈಯಲ್ಲಿದ್ದ ಮೊಬೈಲನ್ನು ಬಾಯಿಗೆ ತಂದಳು.

"ಅವ್ವಾ, ಬಾವುಟ ಇಳಸು! ಮಡಚು!"

"ಏನಂದಿ?" ಅತ್ತ ಹುಲಿಗೆವ್ವನೂ ಕೂಗುತ್ತಿದ್ದಳು. "ನೀನ ತೋರಸು ಅಂದಿ! ಕೆಟ್ಟ ದಾರಿ ಐತಿ ಇದು, ನಾ ಹೆಂಗ ಬಿಡ್ಲಿ? ಮೂವತ್ತೊಂದ ವರ್ಷದಾಗ ಒಂದ ಗಾಡಿ ಬಿಟ್ಟಿಲ್ಲ ನಾ ಹಿಂಗ!"

"ಈಗ ನಿಲ್ಲಿಸಿದ್ರ ಉಳ್ಯಂಗಿಲ್ಲವ್ವಾ! ನಿನ್ನ ಕಾಲ ಹಿಡೀತೀನಿ, ಇಳಸು! ಇಳಸಿ ದೂರ ಸರಿ!"

ಮೊಬೈಲಿನಲ್ಲಿ ರೈಲಿನ ಶಬ್ದ ದೂರದಿಂದ ದೊಡ್ಡದಾಗುತ್ತಿತ್ತು. ಎಂಟು ನೂರು ಮೀಟರು. ತಾಯಿಗೆ ಈ ಅಲೆಯ ಲೆಕ್ಕ ತಿಳಿಸಲು ಒಂದು ದಿನ ಬೇಕು, ಕಸ್ತೂರಿಯ ಕೈಯಲ್ಲಿದ್ದದ್ದು ಒಂದು ಉಸಿರು. ಮಗಳ ಮಾತು ಕೇಳಿದರೆ ಹುಲಿಗೆವ್ವ ತಾನು ಜೀವಮಾನವಿಡೀ ಮಾಡಿದ ಕೆಲಸಕ್ಕೆ ಎರಡು ಬಗೆಯಬೇಕು. ಕೇಳದಿದ್ದರೆ ಏನು ಎಂಬುದು ಅವಳಿಗೆ ಗೊತ್ತಿಲ್ಲ.

"ಬಾವುಟ ಹೋಯ್ತು" ಎಂದ ತಿಪ್ಪೇಸ್ವಾಮಿ. "ಕಂಟ್ರೋಲ್, ಬಾವುಟ ಇಳಿಸಿದ್ರು. ಏನ್ ಮಾಡ್ಲಿ?"

"ಬ್ರೇಕ್ ಮುಟ್ಟಬ್ಯಾಡ್ರಿ. ಇನ್ನೂರಕ್ಕ ಹೋಗ್ಲಿ."

"ಮುಟ್ಟಲ್ಲ ಮೇಡಮ್."

ಹತ್ತು ಸೆಕೆಂಡು ಕಳೆದವು. ಪರದೆಯ ಮೇಲೆ ರೈಲಿನ ಚುಕ್ಕೆ ಹಳೇ ಹಳ್ಳವನ್ನು ಮುಟ್ಟಿತು. ಎಂಬತ್ತು ಮೀಟರು ದಾಟಲು ಒಂದೊಂದು ಗಾಲಿಗೂ ಒಂದೂವರೆ ಸೆಕೆಂಡು. ಕೇಬಲ್ಲಿನ ಗೆರೆ ಪರದೆಯ ಮೇಲಂಚು ಕೆಳಗಂಚು ಎರಡನ್ನೂ ಬಡಿಯಿತು. ಮೊಬೈಲಿನಲ್ಲಿ ಶಬ್ದ ಒಡೆದು, ಕಲ್ಲು ಸಿಡಿದಂತಾಗಿ, ಆಮೇಲೆ ಏನೂ ಇಲ್ಲದಂತಾಯಿತು. ಚುಕ್ಕೆ ಹಳ್ಳ ದಾಟಿ ಮುಂದೆ ಬಂದಿತ್ತು.

"ಕಂಟ್ರೋಲ್." ತಿಪ್ಪೇಸ್ವಾಮಿ ಕರೆದ. "ಗಾಡೀನ ಯಾರೋ ಕೆಳಗಿಂದ ಎತ್ತಿ ಕುಕ್ಕಿದಂಗಾಯ್ತು. ಒಳಗೆ ಒಂದಿಬ್ಬರು ಬಿದ್ದವ್ರಂತೆ. ಆದ್ರೆ ಹಳಿ ಮೇಲೇ ಇದೀವಿ. ಎಲ್ಲಾ ಬೋಗೀನೂ ಹಳಿ ಮೇಲೇ ಐತೆ."

ನರಗುಂದಕರ ಸಾಹೇಬರು ಗುಂಡಿಯ ಮೇಲಿಂದ ಕೈ ತೆಗೆದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಏನಾಯಿತು, ಯಾಕೆ ಎಂದು ಗದ್ದಲವೆದ್ದಿತು. ಕಸ್ತೂರಿಗೆ ಅದು ಕೇಳಿಸುತ್ತಿರಲಿಲ್ಲ. ಅವಳು ಮೊಬೈಲನ್ನು ಕಿವಿಗೊತ್ತಿ ಅವ್ವಾ, ಅವ್ವಾ ಎನ್ನುತ್ತಿದ್ದಳು. ಆರುನೂರ ಹನ್ನೆರಡು ಜನ ಉಳಿದರೆಂಬ ಸಂತೋಷ ಅವಳಿಗೆ ಇನ್ನೂ ಮುಟ್ಟಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅತ್ತಲಿಂದ ಮೂಗು ಸೇದಿದ ಸದ್ದು ಬಂತು.

"ಎಡಗಡಿ ಹಳಿ ಜೋತ ಬಿದ್ದೈತಿ ಕಸ್ತೂರಿ. ಕೆಳಗ ಏನೂ ಉಳದಿಲ್ಲ, ಬರೇ ಕೆಸರು. ಈಗರ ತೋರಸ್ಲೇನು ಬಾವುಟ?"

"ತೋರಸವ್ವಾ. ಈಗ ತೋರಸು."

ಹಿರೇಹಳ್ಳಕ್ಕೆ ಬರಬೇಕಿದ್ದ ರೈಲುಗಳನ್ನೆಲ್ಲ ಜುಬೇದಾ ಆಗಲೇ ನಿಲ್ಲಿಸಿಯಾಗಿತ್ತು. ಅದನ್ನು ಕಸ್ತೂರಿ ತಾಯಿಗೆ ಹೇಳಲಿಲ್ಲ. ದುರಸ್ತಿಯವರು ಬಂದು ಮುಟ್ಟುವ ತನಕ ಮೂರು ತಾಸು ಹುಲಿಗೆವ್ವ ಹಳಿಯ ನಡುವೆ ಬಾವುಟ ಹಿಡಿದು ನಿಂತಿದ್ದಳು.

ತನಿಖೆ ನಡೆದದ್ದು ಮುಂದಿನ ತಿಂಗಳು. ಮೂವರ ಸಮಿತಿ, ಉದ್ದನೆಯ ಮೇಜು, ಎಲ್ಲರ ಮುಂದೆಯೂ ಒಂದೊಂದು ನೀರಿನ ಬಾಟಲಿ. ಅಧ್ಯಕ್ಷರು ಒಳ್ಳೆಯವರೇ. ನೆರಳುಗಾಡಿಯನ್ನು ನಾಡಿನ ಬೇರೆ ಮಾರ್ಗಗಳಿಗೂ ಹಾಕುವ ಯೋಚನೆ ಇದ್ದದ್ದರಿಂದ ಅದಕ್ಕೆ ಕೆಟ್ಟ ಹೆಸರು ಬಾರದಂತೆ ನೋಡಿಕೊಳ್ಳುವ ಆತುರ ಮಾತ್ರ ಅವರಿಗಿತ್ತು. ಕಸ್ತೂರಿಯನ್ನು ಮೊದಲೇ ಕರೆದು ಹೇಳಿದ್ದರು: ಮಾದರಿ ಸರಿಯಾಗಿಯೇ ಇತ್ತು, ಗ್ಯಾಂಗಿನವರು ಅಪ್ಪಣೆಯಿಲ್ಲದೆ ಪರೀಕ್ಷೆಯ ಜಾಗವನ್ನು ಬದಲಾಯಿಸಿದ್ದರಿಂದ ಹೀಗಾಯಿತು ಎಂದು ಬರೆದರೆ ಸಾಕು. ಆಗ ಕ್ರಮ ಆಗುವುದು ಹದಿನಾಲ್ಕು ಜನರ ಮೇಲೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಕೈಗಳು ಬೇಡವಾದ ಜನ ಅವರು. ಈಗ ಅದಕ್ಕೇ ಶಿಕ್ಷೆಯನ್ನೂ ಉಣ್ಣಬೇಕಿತ್ತು.

ಹುಲಿಗೆವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಪರೀಕ್ಷಾ ರೈಲು ಬರುವ ತಾರೀಖು ಗೋಪ್ಯ. ಅದು ನಿಮಗೆ ಹೇಗೆ ಗೊತ್ತಾಗುತ್ತಿತ್ತು?" ಎಂದು ಕೇಳಿದರು ಅಧ್ಯಕ್ಷರು.

"ಯಾರೂ ಹೇಳ್ತಿದ್ದಿಲ್ಲರಿ. ಸ್ಟೇಷನ್ನಿಗೆ ಸುಣ್ಣ ಬಣ್ಣ ಮಾಡಾಕ ಹತ್ತಿದ್ರ ದೊಡ್ಡ ಗಾಡಿ ಬರ್ತೈತಂತ ತಿಳ್ಕೋತಿದ್ವಿ. ಗ್ಯಾಂಗಿನವರದ್ದೂ ತಪ್ಪಿಲ್ಲ. ನಾ ಹೇಳೀನಿ, ಅವರು ಮಾಡ್ಯಾರ. ಬರಕೋರಿ ನನ್ನ ಹೆಸರ."

ಹುಲಿಗೆವ್ವ ಮಗಳ ಕಡೆ ನೋಡಲಿಲ್ಲ. ಅವಳ ಸುಳ್ಳು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಧ್ಯಕ್ಷರು ಪೆನ್ನು ತೆರೆದು ಬರೆದುಕೊಳ್ಳತೊಡಗಿದರು.

ಕಸ್ತೂರಿ ಎದ್ದು ನಿಂತಳು. "ಬರಕೊಳ್ಳಬೇಡಿ ಸರ್. ತಾರೀಖು ಹೇಳುತ್ತಿದ್ದವಳು ನಾನು. ಹನ್ನೊಂದೂ ಸಲ. ಗೋಪ್ಯ ಎಂದು ಗೊತ್ತಿದ್ದೂ, ನಮ್ಮವ್ವ ನನ್ನ ಗಾಡಿ ನೋಡಲಿ ಎಂಬ ಆಸೆಗೆ ಹೇಳಿದೆ. ಕೇಬಲ್ ನಿಜ ಹೇಳಿದಾಗ ಅದನ್ನು ನಂಬಬೇಡ ಎಂದು ನಿಯಮ ಬರೆದವಳೂ ನಾನೇ. ಮಾದರಿಯಲ್ಲಿ ಮಣ್ಣು, ನೀರು, ಗಾಡಿಯ ತೂಕ ಎಲ್ಲ ಇತ್ತು. ಹದಿನಾಲ್ಕು ಜನರ ದುಡಿತ ಇರಲಿಲ್ಲ. ಅದನ್ನು ಬಿಟ್ಟದ್ದು ನನ್ನ ತಪ್ಪು, ಅವರದಲ್ಲ."

ಹಾಗೆಂದು ಬರೆದ ಕಾಗದವನ್ನು ಮೇಜಿನ ಮೇಲಿಟ್ಟು ತಾಯಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ನೆರಳುಗಾಡಿಯ ಕೆಲಸ ಅಂದಿಗೆ ತನ್ನ ಕೈ ತಪ್ಪಿತೆಂದು ಅವಳಿಗೆ ಗೊತ್ತಿತ್ತು.

ಮೆಟ್ಟಿಲಿಳಿಯುವಾಗ ಹುಲಿಗೆವ್ವ ಕೈ ಕೊಸರಿಕೊಂಡಳು. ಸಿಟ್ಟಿನಿಂದ ಅವಳ ಕಣ್ಣು ತುಂಬಿತ್ತು.

"ನಾ ಎಲ್ಲಾ ನನ್ನ ಮ್ಯಾಲ ತಗೊಂಡಿದ್ನಲ್ಲಾ. ಸುಮ್ಮ ಇರಾಕ ಏನಾಗಿತ್ತ ನಿನಗ? ಆರ ವರ್ಷದ್ದು ನಿನ್ನ ಕೆಲಸ!"

"ಹನ್ನೊಂದ ಸಲ ನೀ ನನಗ ಚೊಲೋದ್ದಷ್ಟ ತೋರಿಸಿದಿ ಬೇ. ಅದನ್ನ ಖರೇ ಅಂತ ನಂಬಿ ನಾ ಆರನೂರ ಮಂದೀನ ಅದರ ಮ್ಯಾಲ ಬಿಟ್ನಿ. ಇವತ್ತ ಒಳಗ ಮತ್ತ ಅದನ್ನ ಮಾಡಾಕ ಹತ್ತಿದ್ದಿ ನೀ."

ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಟ್ಟಿಲ ಮೇಲೆಯೇ ಕೂತಳು.

"ನನ್ನ ಮಗಳ ಗಾಡಿ ಅಳ್ಳಾಡಬಾರ್ದು. ಅಷ್ಟ ಇತ್ತು ನನ್ನ ಮನಸಿನ್ಯಾಗ."

ಕಸ್ತೂರಿ ಪಕ್ಕದಲ್ಲಿ ಕೂತು ಆ ಒರಟು ಕೈಯನ್ನು ಮತ್ತೆ ಹಿಡಿದುಕೊಂಡಳು.

"ಅಳ್ಳಾಡ್ಲಿ ಬೇ" ಎಂದಳು. "ಅಳ್ಳಾಡಿದ್ರ ನನಗ ಗೊತ್ತಾಗತೈತಿ."